ಬೆಳಗಾವಿಯಲ್ಲಿ ಮೊದಲ ಸ್ಪೋರ್ಟ್ಸ್ ಬೈಕ್: ಬೆಲೆ, ಪಿಕಪ್, ಅವರೇಜ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಹನ್ನೆರಡು ವರ್ಷದಿಂದ ಸ್ಪೋರ್ಟ್ಸ್ ಬೈಕ್ ಹೊಡೆಯುತ್ತಿದ್ದೇನೆ. ಮೊದಲು ಸೆಕೆಂಡ್ ಹ್ಯಾಂಡ್ ಯಮಹಾ ಆರ್15 ಇತ್ತು, ಈಗ ಸುಜುಕಿ ಜಿಕ್ಸರ್ ಎಸ್‌ಎಫ್ 250 ಇದೆ. ಅಕ್ಕನ ಮಗ, ಓಣಿಯ ಹುಡುಗರು, ಮಚ್ಛೆ ಕಡೆಯಿಂದ ಬರುವ ವಿಟಿಯು ವಿದ್ಯಾರ್ಥಿಗಳು, ಅವರಿಗಿಂತ ಜಾಸ್ತಿ ಅವರ ಅಪ್ಪಂದಿರು ಕೇಳುವುದು ಬಹುತೇಕ ಇವೇ ಪ್ರಶ್ನೆಗಳನ್ನು. ಪ್ರತಿ ಸಲ ಚಹಾದ ಜೊತೆ ಹೇಳಿ ಹೇಳಿ ಸಾಕಾಯಿತು, ಬರೆದಿಟ್ಟಿದ್ದೇನೆ. ಒಂದು ಮಾತು ಮೊದಲೇ: ಇಲ್ಲಿ ಆರ್‌ಸಿ ಅಂದರೆ ಕೆಟಿಎಂ ಗಾಡಿ. ಆರ್‌ಟಿಒ ಕೊಡುವುದನ್ನು ಆರ್‌ಸಿ ಕಾರ್ಡ್ ಅಂತ ಬರೆದಿದ್ದೇನೆ. ಈ ಗೊಂದಲದಿಂದ ಒಮ್ಮೆ ಅರ್ಧ ಗಂಟೆ ಜಗಳ ಆಗಿತ್ತು.

ಎಂಟ್ರಿ ಲೆವೆಲ್ ಸ್ಪೋರ್ಟ್ಸ್ ಬೈಕ್ ಅಂದ್ರೆ ಯಾವ್ಯಾವು?

ಮೈತುಂಬ ಫೇರಿಂಗ್ (ಗಾಡಿಯ ಮುಂಭಾಗ, ಪಕ್ಕ ಮುಚ್ಚುವ ಹೊದಿಕೆ) ಇರಬೇಕು, ಹ್ಯಾಂಡಲ್ ಸ್ವಲ್ಪವಾದರೂ ತಗ್ಗಿರಬೇಕು, ತೂಕ 170 ಕೆಜಿ ದಾಟಬಾರದು, ಶೋರೂಂ ಬೆಲೆ ಎರಡು ಲಕ್ಷದ ಆಸುಪಾಸಿನಲ್ಲಿರಬೇಕು. ಇದು ನನ್ನ ಗೆರೆ. ಈ ಗೆರೆಯೊಳಗೆ ಮುಖ್ಯವಾಗಿ ಐದು ಗಾಡಿ ಬರುತ್ತವೆ.

ಮೊದಲನೆಯದು ಯಮಹಾ ಆರ್15. 2008ರಲ್ಲಿ ಬಂತು, ಈಗಿರುವ ವಿ4 ಬಂದದ್ದು 2021ರಲ್ಲಿ. 155 ಸಿಸಿ, 18.4 ಪಿಎಸ್ (ಪಿಎಸ್ ಅಂದರೆ ಎಂಜಿನ್ ಶಕ್ತಿಯ ಅಳತೆ, ಹೆಚ್ಚುಕಮ್ಮಿ ಹಾರ್ಸ್ ಪವರ್). ಕೆಟಿಎಂ ಆರ್‌ಸಿ 200 ನಮ್ಮಲ್ಲಿ 2014ರಿಂದ ಇದೆ. ಪುಣೆ ಹತ್ತಿರದ ಚಾಕಣದಲ್ಲಿ ಬಜಾಜ್ ಇದನ್ನು ತಯಾರಿಸುತ್ತದೆ. 25 ಪಿಎಸ್‌ನ ಗಾಡಿ. ಬಜಾಜ್ ಪಲ್ಸರ್ ಆರ್‌ಎಸ್ 200 ಬಂದದ್ದು 2015ರಲ್ಲಿ, 24.5 ಪಿಎಸ್. ಜಿಕ್ಸರ್ ಎಸ್‌ಎಫ್ 250 ಬಂದದ್ದು 2019ರಲ್ಲಿ, 26.5 ಪಿಎಸ್. ಹೀರೋ ಕರಿಜ್ಮಾ ಎಕ್ಸ್‌ಎಂಆರ್ ಬಂದದ್ದು 2023ರಲ್ಲಿ, 210 ಸಿಸಿ, 25.5 ಪಿಎಸ್.

ಟಿವಿಎಸ್ ಅಪಾಚೆ ಆರ್‌ಆರ್ 310, ಕೆಟಿಎಂ ಆರ್‌ಸಿ 390 ಮುಂದಿನ ಮೆಟ್ಟಿಲು. ಅವುಗಳ ಮಾತು ನಡುವೆ ಬರುತ್ತದೆ. ಜಿಕ್ಸರ್ ಎಸ್‌ಎಫ್ 155 ಕೂಡ ಫೇರಿಂಗ್ ಇರುವ ಗಾಡಿಯೇ, ಆದರೆ ಏರ್ ಕೂಲ್ಡ್, 13.6 ಪಿಎಸ್, ಐದೇ ಗೇರು. ನೋಡಲು ಸ್ಪೋರ್ಟ್ಸ್, ಓಡಿಸಲು ಕಮ್ಯೂಟರ್. ಇದನ್ನು ಬೈಗುಳ ಅಂದುಕೊಳ್ಳಬೇಡಿ. ಎಷ್ಟೋ ಜನಕ್ಕೆ ಬೇಕಾಗಿರುವುದು ಅದೇ.

ಆರ್15ಗೆ 18 ಪಿಎಸ್. ಹೆಚ್ಚುಕಮ್ಮಿ ಅದೇ ದುಡ್ಡಿಗೆ 25 ಪಿಎಸ್ ಸಿಗುವಾಗ ಅದನ್ನು ಯಾಕೆ ತಗೋಬೇಕು?

ಈ ಪ್ರಶ್ನೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಒಂದು ಗಾಡಿಯ ಬೆಲೆಯಲ್ಲಿ ಎಂಜಿನ್ ಒಂದು ಭಾಗ ಅಷ್ಟೇ. ಆರ್15ರಲ್ಲಿ ನೀವು ದುಡ್ಡು ಕೊಡುವುದು ಡೆಲ್ಟಾಬಾಕ್ಸ್ ಚಾಸಿಗೆ (ಗಾಡಿಯ ಗಟ್ಟಿ ಚೌಕಟ್ಟು), ಅಲ್ಯೂಮಿನಿಯಂ ಸ್ವಿಂಗ್‌ಆರ್ಮಿಗೆ, ಮುಂದಿನ ತಲೆಕೆಳಗಾದ ಫೋರ್ಕಿಗೆ, ಸ್ಲಿಪ್ಪರ್ ಕ್ಲಚ್ಚಿಗೆ (ಗೇರ್ ಇಳಿಸುವಾಗ ಹಿಂದಿನ ಚಕ್ರ ಜಗ್ಗದಂತೆ ತಡೆಯುತ್ತದೆ), ಟ್ರ್ಯಾಕ್ಷನ್ ಕಂಟ್ರೋಲಿಗೆ (ಹಿಂದಿನ ಚಕ್ರ ಜಾರಿ ಸುತ್ತದಂತೆ ತಡೆಯುತ್ತದೆ). ಮೇಲಿನ ಮಾದರಿಗಳಲ್ಲಿ ಕ್ವಿಕ್ ಶಿಫ್ಟರ್ ಕೂಡ ಇದೆ, ಕ್ಲಚ್ ಹಿಡಿಯದೆ ಮೇಲಿನ ಗೇರ್ ಹಾಕಬಹುದು. ಇವುಗಳಲ್ಲಿ ಒಂದೂ ನೇರ ರಸ್ತೆಯಲ್ಲಿ ನಿಮ್ಮನ್ನು ಮುಂದೆ ತಳ್ಳುವುದಿಲ್ಲ. ತಿರುವಿನಲ್ಲಿ ಮಾತ್ರ ಗೊತ್ತಾಗುತ್ತವೆ.

ಜಿಕ್ಸರ್ 250ರಲ್ಲಿ ಮುಂದಿನ ಫೋರ್ಕ್ ಸಾದಾ ಟೆಲಿಸ್ಕೋಪಿಕ್. ಕ್ವಿಕ್ ಶಿಫ್ಟರ್ ಇಲ್ಲ, ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ದುಡ್ಡೆಲ್ಲ ಎಂಜಿನ್ನಿಗೆ ಹೋಗಿದೆ. ಹಾಗಾಗಿ "ಯಾವುದು ಹೆಚ್ಚು ಮೌಲ್ಯ" ಅಂತ ಕೇಳಿದರೆ ನಾನು ತಿರುಗಿಸಿ ಕೇಳುತ್ತೇನೆ: ನೀವು ಜಾಸ್ತಿ ಓಡಿಸುವುದು ಎಲ್ಲಿ? ಹೆದ್ದಾರಿಯಲ್ಲಾ, ಘಾಟಿನಲ್ಲಾ, ಕಾಲೇಜ್ ರೋಡಿನಲ್ಲಾ?

ಹೊಸಬನಿಗೆ ಕಡಿಮೆ ಪಿಎಸ್‌ನ ಗಾಡಿ ಕಲಿಸುವಷ್ಟು ಹೆಚ್ಚು ಪಿಎಸ್‌ನ ಗಾಡಿ ಕಲಿಸುವುದಿಲ್ಲ. 18 ಪಿಎಸ್‌ನಲ್ಲಿ ವೇಗ ಕಳೆದುಕೊಂಡರೆ ಮತ್ತೆ ಗಳಿಸಲು ಹೊತ್ತು ಬೇಕು. ಅದಕ್ಕೇ ತಿರುವಿನ ಮುಂಚೆ ಎಷ್ಟು ಬ್ರೇಕ್ ಹಿಡಿಯಬೇಕು, ಯಾವ ಗೇರಿನಲ್ಲಿರಬೇಕು ಅಂತ ತಾನಾಗಿಯೇ ಯೋಚಿಸಲು ಶುರು ಮಾಡುತ್ತೀರಿ. ನಾನು ಕಲಿತದ್ದು ಹಾಗೆಯೇ.

ಹಗುರ ಗಾಡಿ ಅಂತೀರಲ್ಲ, ಹತ್ತಿಪ್ಪತ್ತು ಕೆಜಿಯಿಂದ ಏನು ವ್ಯತ್ಯಾಸ ಆಗುತ್ತೆ?

ಪೆಟ್ರೋಲ್, ಆಯಿಲ್ ಎಲ್ಲ ತುಂಬಿಕೊಂಡ ತೂಕ ನೋಡೋಣ. ಆರ್15 ಸುಮಾರು 141 ಕೆಜಿ. ಆರ್‌ಸಿ 200ರದು 160, ಜಿಕ್ಸರ್ 250ರದು 161, ಕರಿಜ್ಮಾದು 163.5, ಆರ್‌ಎಸ್ 200ರದು 166. ಒಂದು ಟನ್ ತೂಕಕ್ಕೆ ಎಷ್ಟು ಪಿಎಸ್ ಅಂತ ಭಾಗಿಸಿದರೆ ಜಿಕ್ಸರ್ 165ರ ಹತ್ತಿರ. ಆರ್‌ಸಿ ಮತ್ತು ಕರಿಜ್ಮಾ 156ರ ಆಸುಪಾಸು. ಆರ್‌ಎಸ್ 148. ಆರ್15 130. ಕಾಗದದ ಮೇಲೆ ಆರ್15 ಕೊನೆಗೆ ನಿಲ್ಲುತ್ತದೆ.

ಆದರೆ ತೂಕದ ಲಾಭ ಓಟಕ್ಕಿಂತ ಜಾಸ್ತಿ ನಿಂತಾಗ, ತಿರುಗಿಸುವಾಗ ಗೊತ್ತಾಗುತ್ತದೆ. ಖಡೇಬಜಾರದಲ್ಲಿ ಶನಿವಾರ ಸಂಜೆ ಗಾಡಿ ಹಿಂದಕ್ಕೆ ಎಳೆದು ಹೊರಗೆ ತೆಗೆಯಬೇಕು ಅನ್ನಿ. ಎರಡೂ ಕಡೆ ಸ್ಕೂಟರ್ ಒತ್ತಿ ನಿಲ್ಲಿಸಿದ್ದಾರೆ. ಅಲ್ಲಿ 20 ಕೆಜಿ ಅಂದರೆ ಒಂದು ಗೊಬ್ಬರದ ಚೀಲದ ಅರ್ಧ. ಘಾಟಿನಲ್ಲಿ ಎಡಕ್ಕೆ ಬಾಗಿ ತಕ್ಷಣ ಬಲಕ್ಕೆ ಬಾಗಬೇಕಾದಾಗಲೂ ಅಷ್ಟೇ.

ಸವಾರನ ತೂಕವನ್ನೂ ಕೂಡಿಸಿ ಲೆಕ್ಕ ಹಾಕಿ. ನಾನು 82 ಕೆಜಿ. ಕುಂದಾ ಇನ್ನೂ ಬಿಟ್ಟಿಲ್ಲ. ನನ್ನಂಥವನು ಕೂತರೆ ಹಗುರ ಗಾಡಿಯ ಹೆಚ್ಚುಗಾರಿಕೆ ಅರ್ಧ ಅಲ್ಲೇ ಹೋಯಿತು.

ಬೋರ್ಡಿನಲ್ಲಿ 1.80 ಲಕ್ಷ ಬರೆದಿದ್ದಾರೆ. ಕೈಯಿಂದ ನಿಜವಾಗಿ ಎಷ್ಟು ಹೋಗುತ್ತೆ?

2.30 ಲಕ್ಷದ ಹತ್ತಿರ ಇಟ್ಟುಕೊಳ್ಳಿ. ಗಾಬರಿಯಾದರೂ ಲೆಕ್ಕ ಇದೇ.

ಕರ್ನಾಟಕದಲ್ಲಿ ಬೈಕಿನ ಬೆಲೆ ಒಂದು ಲಕ್ಷ ದಾಟಿದರೆ ಜೀವಿತಾವಧಿ ತೆರಿಗೆ 18%. ಅದರ ಮೇಲೆ ಸೆಸ್ಸು. ಎರಡೂ ಸೇರಿದರೆ 20% ಹತ್ತಿರ ಬರುತ್ತದೆ. 1.80 ಲಕ್ಷಕ್ಕೆ ಸುಮಾರು 36,000. ದೇಶದಲ್ಲೇ ದುಬಾರಿ ರಸ್ತೆ ತೆರಿಗೆಗಳಲ್ಲಿ ನಮ್ಮದೂ ಒಂದು.

ಆಮೇಲೆ ಇನ್ಶೂರೆನ್ಸ್. ಹೊಸ ಬೈಕಿಗೆ ಥರ್ಡ್ ಪಾರ್ಟಿ ಐದು ವರ್ಷಕ್ಕೆ ಒಟ್ಟಿಗೆ ಕಟ್ಟಬೇಕು. 2018ರಿಂದ ಈ ನಿಯಮ ಇದೆ. ಇದರಲ್ಲಿ ಯಾರೂ ಗಮನಿಸದ ಒಂದು ಸಂಗತಿ ಇದೆ. ಪ್ರೀಮಿಯಂ ನಿಗದಿ ಮಾಡಲು ಸಿಸಿ ಪ್ರಕಾರ ಗುಂಪು ಮಾಡಿದ್ದಾರೆ: 75ರಿಂದ 150 ಸಿಸಿವರೆಗೆ ಒಂದು, 150 ದಾಟಿ 350ರವರೆಗೆ ಇನ್ನೊಂದು. 2022ರಲ್ಲಿ ನಿಗದಿಯಾದ ದರದ ಪ್ರಕಾರ ಐದು ವರ್ಷಕ್ಕೆ ಮೊದಲ ಗುಂಪಿಗೆ 3,851 ರೂಪಾಯಿ, ಎರಡನೆಯದಕ್ಕೆ 7,365. ಜಿಎಸ್‌ಟಿ ಬೇರೆ. ಆರ್15 ಎಷ್ಟು ಸಿಸಿ? 155. ಬರೀ ಐದು ಸಿಸಿಗೆ ಹೆಚ್ಚುಕಮ್ಮಿ ಇಮ್ಮಡಿ ಪ್ರೀಮಿಯಂ. 155 ಸಿಸಿಯವನೂ 250 ಸಿಸಿಯವನೂ ಕಟ್ಟುವುದು ಒಂದೇ. "ಚಿಕ್ಕ ಎಂಜಿನ್, ಇನ್ಶೂರೆನ್ಸ್ ಕಡಿಮೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಇದರ ಮೇಲೆ ಸ್ವಂತ ಗಾಡಿಯ ಡ್ಯಾಮೇಜಿಗೆ ಒಂದು ವರ್ಷದ ವಿಮೆ, ನಂಬರ್ ಪ್ಲೇಟ್, ಆರ್‌ಸಿ ಕಾರ್ಡಿನ ಶುಲ್ಕ. ಇಷ್ಟು ನ್ಯಾಯವಾದ ಖರ್ಚು. "ಹ್ಯಾಂಡ್ಲಿಂಗ್ ಚಾರ್ಜ್", ಟೆಫ್ಲಾನ್ ಕೋಟಿಂಗ್, ಬೇಡದ ಸೀಟ್ ಕವರ್ ಬಿಲ್ಲಿನಲ್ಲಿ ಸೇರಿದ್ದರೆ ತೆಗೆಯಲು ಹೇಳಿ. ನನಗೆ ಒಬ್ಬ ಡೀಲರ್ ಹ್ಯಾಂಡ್ಲಿಂಗ್ ಅಂತ ಬರೆದಿದ್ದ. ಏನು ಹ್ಯಾಂಡಲ್ ಮಾಡಿದ್ರಿ ಅಂತ ಕೇಳಿದೆ. ನಕ್ಕ, ತೆಗೆದ. ವಿಮೆಯನ್ನೂ ಅವರ ಬಳಿಯೇ ಮಾಡಿಸಬೇಕು ಅಂತಿಲ್ಲ, ಹೊರಗೂ ದರ ಕೇಳಿ ನೋಡಿ.

ಕೊಲ್ಹಾಪುರ ಪಾಸಿಂಗ್ (ನೋಂದಣಿ) ಮಾಡಿಸಿದ್ರೆ ಅಗ್ಗ ಅಲ್ವಾ? ನಮ್ಮ ಮಾಮಾ ಅಲ್ಲೇ ಇದ್ದಾರೆ.

ಗಡಿಯ ಊರಿನಲ್ಲಿ ಈ ಪ್ರಶ್ನೆ ಬರದೆ ಇರುತ್ತಾ? ಮಹಾರಾಷ್ಟ್ರದಲ್ಲಿ 100ರಿಂದ 299 ಸಿಸಿ ಬೈಕಿಗೆ ತೆರಿಗೆ 11%. ಹಾಗಾಗಿ ಮೇಲ್ನೋಟಕ್ಕೆ 1.80 ಲಕ್ಷದ ಗಾಡಿಯಲ್ಲಿ ಹದಿನೈದು ಸಾವಿರ ಉಳಿದ ಹಾಗೆ ಕಾಣುತ್ತದೆ.

ಆದರೆ ಪಾಸಿಂಗ್ ಆಗುವುದು ನಿಮ್ಮ ವಿಳಾಸಕ್ಕೆ, ಮಾಮಾನ ವಿಳಾಸಕ್ಕಲ್ಲ. ಮಾಮಾನ ಹೆಸರಿನಲ್ಲಿ ತಗೊಂಡರೆ ಗಾಡಿ ಮಾಮಾನದೇ. ಕಂತು ನೀವು ಕಟ್ಟುತ್ತೀರಿ, ಅಪಘಾತವಾದರೆ ನೋಟಿಸು ಅವರಿಗೆ ಹೋಗುತ್ತದೆ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಹಾಕಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಅಲ್ಲಿ ಕಟ್ಟಿದ ತೆರಿಗೆ ವಾಪಸ್ ಪಡೆಯಲು ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅರ್ಜಿ, ಓಡಾಟ. ಉಳಿದ ಹದಿನೈದು ಸಾವಿರ ಪೆಟ್ರೋಲು, ರಜೆ, ತಲೆನೋವಿಗೆ ಸರಿಹೋಗುತ್ತದೆ.

ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಇರುವವರು, ವರ್ಗವಾಗುವ ಕೇಂದ್ರ ಸರ್ಕಾರಿ ನೌಕರರು ಬಿಎಚ್ (ಭಾರತ್) ಸರಣಿಯ, ಎಲ್ಲ ರಾಜ್ಯಕ್ಕೂ ನಡೆಯುವ ನಂಬರ್ ಕೇಳಬಹುದು. ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟಿದರೆ ಆಯಿತು. ಉಳಿದವರು ಕೆಎ 22, ಚಿಕ್ಕೋಡಿಯವರು ಕೆಎ 23 ಹಾಕಿಸಿಕೊಂಡು ನೆಮ್ಮದಿಯಾಗಿರಿ.

ಜಿಎಸ್‌ಟಿ ಇಳಿದ ಮೇಲೆ ಆರ್‌ಸಿ 390 ತಗೊಳ್ಳೋದು ಲಾಭವಾ?

ಉಲ್ಟಾ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿಯಿತು. 350 ದಾಟಿದ್ದಕ್ಕೆ ಸೆಸ್ಸು ಸೇರಿ 31% ಇದ್ದದ್ದು 40% ಆಯಿತು. ಆರ್‌ಸಿ 390ರ ಎಂಜಿನ್ 373 ಸಿಸಿ, ಅಂದರೆ ಏರಿದ ಕಡೆಗೆ ಸೇರುತ್ತದೆ. 312 ಸಿಸಿಯ ಆರ್‌ಆರ್ 310 ಇಳಿದ ಕಡೆಗೆ. 38 ಪಿಎಸ್‌ನ ಗಾಡಿ ಬೇಕು ಅನ್ನುವವರಿಗೆ ಈಗ ಆರ್‌ಆರ್ 310ರ ಲೆಕ್ಕ ಚೆನ್ನಾಗಿ ಕೂರುತ್ತದೆ.

ಇಳಿಕೆಯ ಗಣಿತವನ್ನು ತಪ್ಪು ತಿಳಿಯಬೇಡಿ. ತೆರಿಗೆ ಹತ್ತು ಅಂಶ ಇಳಿದರೆ ಬೆಲೆ 10% ಇಳಿಯುವುದಿಲ್ಲ. ಹಳೆಯ ಬೆಲೆಯ ಪ್ರತಿ ಲಕ್ಷಕ್ಕೆ ಸುಮಾರು 7,800 ರೂಪಾಯಿ ಇಳಿಯುತ್ತದೆ. 2025ರ ಜನವರಿಯಲ್ಲಿ ಆರ್‌ಎಸ್ 200 ಹೊಸದಾಗಿ ಬಂದಾಗ 1.84 ಲಕ್ಷ ಇತ್ತು. ಅದೇ ಗಾಡಿಗೆ ಬರೀ ತೆರಿಗೆಯಿಂದಲೇ 14,000 ಚಿಲ್ಲರೆ ಕಡಿಮೆ. ಶೋರೂಂ ಬೆಲೆ ಇಳಿದರೆ ಅದರ ಮೇಲಿನ ರಸ್ತೆ ತೆರಿಗೆಯೂ ಇಳಿಯುತ್ತದೆ, ಅದನ್ನೂ ಕೂಡಿಸಿ.

ಊರೊಳಗೆ ಯಾವುದು ಚೆನ್ನ, ಚೋರ್ಲಾ ಘಾಟಿಗೆ ಯಾವುದು?

ಇದಕ್ಕೆ ಸ್ವಲ್ಪ ಎಂಜಿನ್ನಿನ ಒಳಗೆ ಹೋಗಬೇಕು. ಪಿಎಸ್ ಅನ್ನುವುದು ಎಂಜಿನ್ ಕೂಗುವ ತುದಿಯಲ್ಲಿ ಸಿಗುವ ಸಂಖ್ಯೆ. ಆರ್15ರ 18.4 ಪಿಎಸ್ ಸಿಗುವುದು 10,000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಹೊಡೆಯುವ ಸುತ್ತು). ನೀವು ರಾಣಿ ಚನ್ನಮ್ಮ ವೃತ್ತದಿಂದ ಗೋಗಟೆ ವೃತ್ತಕ್ಕೆ ಹೋಗುವಾಗ ಹತ್ತು ಸಾವಿರಕ್ಕೆ ಏರಿಸುತ್ತೀರಾ? ಏರಿಸಿದರೆ ಓಣಿಯವರು ಬಿಡುತ್ತಾರಾ? ದಿನಾ ಬೇಕಾಗುವುದು ಮಧ್ಯದ ಆರ್‌ಪಿಎಂನಲ್ಲಿ ಸಿಗುವ ಟಾರ್ಕ್ (ತಿರುಗಿಸುವ ಬಲ), ನಮ್ಮ ಮಾತಿನಲ್ಲಿ ಪಿಕಪ್.

ಆರ್15ರ ಟಾರ್ಕ್ 14.2 ನ್ಯೂಟನ್ ಮೀಟರ್, 7,500 ಆರ್‌ಪಿಎಂಗೆ. ಜಿಕ್ಸರ್ 250ರದು 22.2, 7,300ಕ್ಕೆ. ಲೆಕ್ಕ ಹಾಕಿದರೆ ಆ ಹಂತದಲ್ಲಿ ಆರ್15 ಕೊಡುತ್ತಿರುವುದು 15 ಪಿಎಸ್ ಚಿಲ್ಲರೆ, ಜಿಕ್ಸರ್ ಕೊಡುತ್ತಿರುವುದು 23. ಕರಿಜ್ಮಾ 20.4 ನ್ಯೂಟನ್ ಮೀಟರ್, 7,250ಕ್ಕೆ. ಆರ್‌ಸಿ 200, ಆರ್‌ಎಸ್ 200 ಎರಡಕ್ಕೂ 19ರ ಆಸುಪಾಸು, ಆದರೆ 8,000ಕ್ಕೆ ಏರಬೇಕು. ಊರೊಳಗೆ ಗೇರ್ ಕಡಿಮೆ ಬದಲಿಸಬೇಕು ಅನ್ನುವವರಿಗೆ ಜಿಕ್ಸರ್, ಆಮೇಲೆ ಕರಿಜ್ಮಾ.

ಆರ್15ರಲ್ಲಿ ವಿವಿಎ ಅಂತ ಒಂದು ಜಾಣ್ಮೆ ಇದೆ. ಇನ್‌ಟೇಕ್ ವಾಲ್ವ್ ಎತ್ತಲು ಎರಡು ಬೇರೆ ಬೇರೆ ಆಕಾರದ ಕ್ಯಾಮ್ ಇವೆ. ಕೆಳಗಿನ ಆರ್‌ಪಿಎಂಗೆ ಒಂದು, 7,400 ದಾಟಿದ ಮೇಲೆ ಇನ್ನೊಂದು. ಒಂದು ಪುಟ್ಟ ಪಿನ್ನು ಸರಿದು ಎರಡನೆಯದನ್ನು ಕೂಡಿಸುತ್ತದೆ. ಲೇಥಿನ ಮುಂದೆ ನಿಲ್ಲುವ ನನಗೆ ಇದು ಬಹಳ ಇಷ್ಟವಾದ ಕೆಲಸ. ಅಷ್ಟು ಸಣ್ಣ ಪಿನ್ನು, ಅಷ್ಟು ವೇಗ, ಅಷ್ಟು ಸಲ.

ಈಗ ಘಾಟು. ಜಾಂಬೋಟಿ ದಾಟಿ ಚೋರ್ಲಾ, ಅಥವಾ ಆಂಬೋಲಿ ಕಡೆ ಹೋದರೆ ಲೆಕ್ಕ ತಲೆಕೆಳಗು. ತಿರುವಿನ ಮೇಲೆ ತಿರುವು. ಎರಡನೇ, ಮೂರನೇ ಗೇರಿನಲ್ಲೇ ಇರುತ್ತೀರಿ, ಎಂಜಿನ್ ತಾನಾಗಿಯೇ ಮೇಲೆ ಕೂಗುತ್ತಿರುತ್ತದೆ. ಅಲ್ಲಿ ಆರ್15ರ ಚಾಸಿ, ಹಗುರ ಮೈ, ಸ್ಲಿಪ್ಪರ್ ಕ್ಲಚ್ ಎಲ್ಲ ಕೆಲಸಕ್ಕೆ ಬರುತ್ತವೆ. ನನ್ನ ಜಿಕ್ಸರ್‌ಗಿಂತ ಗೆಳೆಯನ ಆರ್15 ಅಲ್ಲಿ ಸಲೀಸಾಗಿ ತಿರುಗುತ್ತದೆ. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಆರ್‌ಸಿ 200 ಕೂಡ ಹಾಗೆಯೇ, ಮುಂದಿನ ಚಕ್ರದ ಮೇಲೆ ಭರವಸೆ ಹುಟ್ಟಿಸುವ ಗಾಡಿ.

ಟಾಪ್ ಸ್ಪೀಡ್ ಎಷ್ಟು?

ನಾಲ್ಕು ಲೇನಿನ ಹೆದ್ದಾರಿಯಲ್ಲಿ ಬೈಕಿಗೆ ಕಾನೂನಿನ ಮಿತಿ ಗಂಟೆಗೆ 80 ಕಿ.ಮೀ. ಮೇಲೆ ಹೇಳಿದ ಐದೂ ಗಾಡಿ ಅದನ್ನು ಆರಾಮಾಗಿ ದಾಟುತ್ತವೆ. ಮುಂದಿನ ಪ್ರಶ್ನೆ.

ಬೆನ್ನು ನೋವು ಬರುತ್ತಾ? ಹಿಂದೆ ಮನೆಯವರನ್ನು ಕೂರಿಸಬಹುದಾ?

ಆರ್15, ಆರ್‌ಸಿ 200ರಲ್ಲಿ ಹ್ಯಾಂಡಲ್ ತಗ್ಗು, ಕಾಲಿಡುವ ಜಾಗ ಹಿಂದೆ. ಭಾರವೆಲ್ಲ ಮಣಿಕಟ್ಟಿಗೆ. ಹೆದ್ದಾರಿಯಲ್ಲಿ ಗಾಳಿ ಎದೆಗೆ ಒತ್ತುವುದರಿಂದ ಸ್ವಲ್ಪ ಹಗುರ ಆಗುತ್ತದೆ. ಟಿಳಕವಾಡಿ ರೈಲ್ವೆ ಗೇಟಿನಲ್ಲಿ ನಿಂತು ನಿಂತು ಸಾಗುವಾಗ ಮಾತ್ರ ಮೈ ಹಿಡಿದುಕೊಳ್ಳುತ್ತದೆ. ಜಿಕ್ಸರ್, ಕರಿಜ್ಮಾ, ಆರ್‌ಎಸ್ 200ರಲ್ಲಿ ಹ್ಯಾಂಡಲ್ ಮೇಲಿದೆ. ಧಾರವಾಡಕ್ಕೆ ಹೋಗಿ ಬಂದರೂ ರಾತ್ರಿ ಊಟಕ್ಕೆ ಕೂರಬಹುದು.

ಎತ್ತರ ಕಡಿಮೆ ಇರುವವರಿಗೆ ಜಿಕ್ಸರ್ ಸೀಟು 800 ಮಿ.ಮೀ., ಎಲ್ಲಕ್ಕಿಂತ ತಗ್ಗು. ಕರಿಜ್ಮಾ, ಆರ್‌ಎಸ್ 810. ಆರ್15 815. ಆರ್‌ಸಿ ಅದಕ್ಕೂ ಮೇಲೆ. ಆದರೆ ಸಂಖ್ಯೆಯನ್ನು ನಂಬಬೇಡಿ, ಸೀಟಿನ ಅಗಲವೂ ಲೆಕ್ಕಕ್ಕೆ ಬರುತ್ತದೆ. ಕೂತು ನೋಡಿ.

ಹಿಂದಿನ ಸೀಟಿನ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಆರ್15ರ ಹಿಂದಿನ ಸೀಟು ಅಟ್ಟದ ಮೇಲೆ ಇಟ್ಟ ಮಣೆ ಇದ್ದ ಹಾಗೆ. ನನ್ನ ಅವ್ವ ಒಮ್ಮೆ ಕೂತು, ಮುಂದಿನ ಸ್ಟಾಪಿನಲ್ಲಿ ಇಳಿದು ಬಸ್ ಹತ್ತಿದಳು. ಸೀರೆ ಉಟ್ಟವರನ್ನು ದಿನಾ ಕೂರಿಸಬೇಕಿದ್ದರೆ ಈ ಇಡೀ ಪುಟ ಮುಚ್ಚಿ, ಬೇರೆ ಗಾಡಿ ನೋಡಿ.

ಅವರೇಜ್ ಎಷ್ಟು ಬರುತ್ತೆ? ಎಥೆನಾಲ್ ಪೆಟ್ರೋಲಿನಿಂದ ಕಡಿಮೆ ಆಯ್ತಾ?

ಆರ್15 ಲೀಟರಿಗೆ 45 ಕಿ.ಮೀ. ಆಸುಪಾಸು ಕೊಡುತ್ತದೆ. ನನ್ನ ಜಿಕ್ಸರ್ 36, 37. ಗೆಳೆಯರ ಆರ್‌ಸಿ 200 ಅದಕ್ಕಿಂತ ಒಂದೆರಡು ಕಡಿಮೆ. ಕೈ ಹೇಗಿದೆಯೋ ಹಾಗೆ. ತಿಂಗಳಿಗೆ 1,000 ಕಿ.ಮೀ. ಓಡಿಸುವವನಿಗೆ 45ಕ್ಕೂ 36ಕ್ಕೂ ನಡುವಿನ ವ್ಯತ್ಯಾಸ ಐದಾರು ಲೀಟರು. ಅದು ದೊಡ್ಡದಾ ಸಣ್ಣದಾ ಅನ್ನುವುದು ನಿಮ್ಮ ಪಗಾರದ ಮೇಲೆ.

ಈಗಿನ ಪೆಟ್ರೋಲಿನಲ್ಲಿ 20%ವರೆಗೆ ಎಥೆನಾಲ್ ಇರುತ್ತದೆ. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ, ಹಾಗಾಗಿ ಅವರೇಜ್ ಸ್ವಲ್ಪ ಇಳಿಯುವುದು ಸಹಜ. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳೂ ಎಥೆನಾಲ್ ಮಾಡುತ್ತವೆ. ಗೋಕಾಕ, ಅಥಣಿ, ರಾಯಬಾಗದ ಕಬ್ಬು ಸುತ್ತಿ ಬಂದು ನಮ್ಮದೇ ಟ್ಯಾಂಕಿಗೆ ಬೀಳುತ್ತಿದೆ ಅನ್ನಿ. ಹೊಸ ಗಾಡಿಗಳು ಇದಕ್ಕೆ ತಯಾರಾಗಿಯೇ ಬರುತ್ತವೆ. ಹತ್ತು ವರ್ಷದ ಹಳೆಯ ಗಾಡಿ ತಗೊಳ್ಳುವವರು ಮಾತ್ರ ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ನೋಡಿಸಿ. ಎಥೆನಾಲ್ ಹಳೆಯ ರಬ್ಬರನ್ನು ಹಾಳು ಮಾಡುತ್ತದೆ, ನೀರನ್ನೂ ಹೀರುತ್ತದೆ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿ ಹೋಗಬೇಡಿ.

ವಿಜಯಪುರದ ಬಿಸಿಲಿಗೆ ಆಯಿಲ್ ಕೂಲ್ಡ್ ಸಾಕಾ, ಲಿಕ್ವಿಡ್ ಕೂಲ್ಡೇ ಬೇಕಾ?

ಜಿಕ್ಸರ್ 250 ಮಾತ್ರ ಆಯಿಲ್ ಕೂಲ್ಡ್, ಉಳಿದ ನಾಲ್ಕೂ ಲಿಕ್ವಿಡ್ ಕೂಲ್ಡ್. ಜಿಕ್ಸರ್‌ನಲ್ಲಿ ಎಂಜಿನ್ ಆಯಿಲನ್ನೇ ಸಿಲಿಂಡರಿನ ಸುತ್ತ ಹರಿಸಿ ಮುಂದಿನ ಕೂಲರಿನಲ್ಲಿ ತಣ್ಣಗೆ ಮಾಡುತ್ತಾರೆ. ನೀರಿನ ಪಂಪು, ಕೂಲಂಟ್ ಟ್ಯಾಂಕ್ ಇಲ್ಲದ್ದರಿಂದ ಕೆಡುವ ಭಾಗಗಳು ಕಡಿಮೆ. ಏಪ್ರಿಲ್‌ನಲ್ಲಿ ವಿಜಯಪುರಕ್ಕೆ ಹೋಗಿ ಬಂದಿದ್ದೇನೆ, ಎಂಜಿನ್ ತಕರಾರು ಮಾಡಲಿಲ್ಲ. ತಕರಾರು ಮಾಡಿದ್ದು ನನ್ನ ತೊಡೆ. ಆದರೆ ಆಯಿಲ್ ಬದಲಿಸುವುದನ್ನು ಮುಂದೂಡುವ ಹಾಗಿಲ್ಲ, ಅದು ಎರಡು ಕೆಲಸ ಮಾಡುತ್ತಿದೆ. ಲಿಕ್ವಿಡ್ ಕೂಲ್ಡ್ ಗಾಡಿಯವರು ಕೂಲಂಟ್ ಮಟ್ಟ ನೋಡಿ, ನಲ್ಲಿ ನೀರು ಹಾಕಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ತಗೊಳ್ಳಬಹುದು. ನಾನು ಮೋಸ ಹೋದದ್ದನ್ನು ಹೇಳುತ್ತೇನೆ.

ನನ್ನ ಮೊದಲ ಆರ್15 ಒಬ್ಬ ಕನ್ಸಲ್ಟಂಟ್ (ಹಳೆ ಗಾಡಿ ಮಾರುವವನು) ಬಳಿ ತಗೊಂಡದ್ದು. ಫೇರಿಂಗ್ ಫಳಫಳ ಹೊಳೆಯುತ್ತಿತ್ತು. ಅದೇ ನನಗೆ ಸಂಶಯ ಬರಿಸಬೇಕಿತ್ತು. ನಾಲ್ಕು ವರ್ಷ ಓಡಿದ ಗಾಡಿಯ ಎಡಗಡೆ ಮಾತ್ರ ಹೊಸ ಬಣ್ಣ ಯಾಕೆ? ಮೊದಲ ಮಳೆಗಾಲದಲ್ಲಿ ಫೇರಿಂಗ್ ಗಡಗಡ ಅನ್ನತೊಡಗಿತು. ಬಿಚ್ಚಿ ನೋಡಿದರೆ ಒಳಗಿನ ಬ್ರ್ಯಾಕೆಟ್ ಮುರಿದಿತ್ತು, ತಂತಿಯಿಂದ ಕಟ್ಟಿದ್ದರು. ಎಡ ಹ್ಯಾಂಡಲ್ ಒಂದಿಷ್ಟು ಬಾಗಿತ್ತು. ನಾನು ಡಯಲ್ ಗೇಜ್ ಹಿಡಿದು ದಿನಾ ಮೈಕ್ರಾನ್ ಅಳೆಯುವವನು. ಗಾಡಿ ತಗೊಳ್ಳುವಾಗ ಕಣ್ಣಿಗೆ ಬಣ್ಣ ಮಾತ್ರ ಬಿತ್ತು!

ಹಾಗಾಗಿ: ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ, ನಡುವೆ ಕಟಕ್ ಅಂತ ಸಿಕ್ಕಿಕೊಂಡರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗು) ಹೋಗಿದೆ. ಫೋರ್ಕಿನ ಕೊಳವೆಯ ಮೇಲೆ ಆಯಿಲ್ ಗೆರೆ ಇದೆಯಾ ನೋಡಿ. ಎರಡೂ ಕಡೆ ಫೇರಿಂಗ್ ಬಣ್ಣ ಹೋಲಿಸಿ. ಫುಟ್‌ಪೆಗ್ ತುದಿ ಸವೆದಿದ್ದರೆ ಗಾಡಿ ಬಿದ್ದಿದೆ. ಹಿಂದಿನ ಸ್ಪ್ರಾಕೆಟ್ ಹಲ್ಲು ಶಾರ್ಕಿನ ಹಲ್ಲಿನಂತೆ ಮೊನಚಾಗಿದ್ದರೆ ಚೈನ್ ಸೆಟ್ಟಿನ ದುಡ್ಡು ಕಳೆಯಿರಿ. ಆರ್‌ಸಿ ಕಾರ್ಡಿನಲ್ಲಿ ಬ್ಯಾಂಕಿನ ಹೆಸರು ಇದ್ದರೆ ಸಾಲ ತೀರಿದ ಎನ್‌ಒಸಿ ಕೇಳಿ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ವಿಮೆಯ ಸ್ಥಿತಿಯನ್ನೂ ನೋಡಿ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇಲ್ಲದೆಯೂ ಇರಬಹುದು. ನಾನಾದರೆ ಎಬಿಎಸ್ ಇಲ್ಲದ್ದನ್ನು ಬಿಟ್ಟುಬಿಡುತ್ತೇನೆ.

ಫೇರಿಂಗ್ ಬೇಡ ಅಂದ್ರೆ ದುಡ್ಡು ಉಳಿಯುತ್ತಾ?

ಹೌದು, ಒಳ್ಳೆಯ ಪ್ರಶ್ನೆ. ಯಮಹಾ ಎಂಟಿ 15ರಲ್ಲಿ ಇರುವುದು ಆರ್15ರದೇ ಎಂಜಿನ್. ಕೆಟಿಎಂ ಡ್ಯೂಕ್ 200ರಲ್ಲಿ ಆರ್‌ಸಿ 200ರದು, ಪಲ್ಸರ್ ಎನ್‌ಎಸ್ 200ರಲ್ಲಿ ಆರ್‌ಎಸ್ 200ರದು. ಫೇರಿಂಗ್ ಇಲ್ಲದ ಜಿಕ್ಸರ್ 250 ಕೂಡ ಇದೆ. ಸಾಮಾನ್ಯವಾಗಿ ಎಲ್ಲವೂ ತಮ್ಮ ಅಣ್ಣಂದಿರಿಗಿಂತ ಅಗ್ಗ. ಗಾಳಿ ಸೀಳಲು ಫೇರಿಂಗ್ ನಿಜಕ್ಕೂ ನೆರವಾಗುವುದು 80 ದಾಟಿದ ಮೇಲೆ. ಊರೊಳಗೆ ಅದು ಶೋ, ಮತ್ತು ಬಿದ್ದಾಗ ಖರ್ಚು. ನಿಂತ ಜಾಗದಲ್ಲೇ ಗಾಡಿ ವಾಲಿದರೂ ಒಂದು ಪ್ಯಾನೆಲ್ ಹೋಗುತ್ತದೆ. ಇಷ್ಟು ಗೊತ್ತಿದ್ದೂ ನಾನು ಫೇರಿಂಗ್ ಗಾಡಿಯನ್ನೇ ತಗೊಂಡೆ. ಚೆಂದಕ್ಕೂ ಒಂದು ಬೆಲೆ ಇದೆ ಅಲ್ವಾ?

ನಾವು ಇರುವುದು ತಾಲೂಕಿನ ಊರಲ್ಲಿ. ಸರ್ವಿಸ್ ಹೇಗೆ?

ಗಾಡಿ ಆಯ್ಕೆ ಮಾಡುವ ಮೊದಲು ಸರ್ವಿಸ್ ಸೆಂಟರ್ ಎಷ್ಟು ದೂರ ನೋಡಿ. ಬಜಾಜ್, ಹೀರೋ ಕೆಲಸ ಮಾಡುವವರು ಸಣ್ಣ ಊರಲ್ಲೂ ಸಿಗುತ್ತಾರೆ. ಆದರೆ ಕರಿಜ್ಮಾದ ಲಿಕ್ವಿಡ್ ಕೂಲ್ಡ್ ಎಂಜಿನ್ ಸ್ಪ್ಲೆಂಡರ್ ಅಲ್ಲ, ಸುಮ್ನೆ ಯಾರ ಕೈಗೂ ಕೊಡಬೇಡಿ. ಅಥಣಿ, ಕಾಗವಾಡದವರಿಗೆ ಬೆಳಗಾವಿಗಿಂತ ಮೀರಜ್, ಸಾಂಗ್ಲಿ ಹತ್ತಿರ. ವಾರಂಟಿ ಅಲ್ಲೂ ನಡೆಯುತ್ತದೆ.

ಮಳೆಗಾಲದಲ್ಲಿ, ಕಬ್ಬಿನ ಸೀಸನ್‌ನಲ್ಲಿ ಏನು ನೋಡಿಕೊಳ್ಳಬೇಕು?

ಬೆಳಗಾವಿ ಜುಲೈ ಅಂದರೆ ಗೊತ್ತಲ್ಲ. ಖಾನಾಪುರ ಕಡೆಯ ಕೆಂಪು ಮಣ್ಣು ಡಾಂಬರಿನ ಮೇಲೆ ಬಂದರೆ ಎಣ್ಣೆ ಸುರಿದ ಹಾಗೆ. ಎಬಿಎಸ್ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುತ್ತದೆ, ಟೈರಿಗೆ ಹಿಡಿತ ತಂದುಕೊಡುವುದಿಲ್ಲ. ಈ ಐದು ಗಾಡಿಗಳಲ್ಲಿ ಎರಡೂ ಚಕ್ರಕ್ಕೆ ಎಬಿಎಸ್ ಇದೆ. ಎಸ್‌ಎಫ್ 155ರಲ್ಲಿ ಮುಂದಿನ ಚಕ್ರಕ್ಕೆ ಮಾತ್ರ.

ಕಬ್ಬಿನ ಸೀಸನ್ನಿಗೆ ಬೇರೆಯೇ ಭಯ. ದೀಪಾವಳಿ ಸುತ್ತಮುತ್ತ ಕಾರ್ಖಾನೆ ಶುರುವಾದರೆ ರಾತ್ರಿ ರಸ್ತೆ ತುಂಬ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು. ಹಿಂದೆ ದೀಪ ಇರುವುದಿಲ್ಲ, ಕಬ್ಬಿನ ತುದಿ ರಸ್ತೆಗೆ ಚಾಚಿರುತ್ತದೆ. ಸ್ಪೋರ್ಟ್ಸ್ ಬೈಕಿನ ಮೇಲೆ ತಲೆ ತಗ್ಗಿಸಿ ಕೂತವನಿಗೆ ಅದು ಇನ್ನೂ ತಡವಾಗಿ ಕಾಣುತ್ತದೆ. ಸಂಕೇಶ್ವರದ ಕಡೆ ನಾನೊಮ್ಮೆ ಕೂದಲೆಳೆಯಲ್ಲಿ ಉಳಿದೆ. ಆ ನಾಲ್ಕೈದು ತಿಂಗಳು ಕತ್ತಲಾದ ಮೇಲೆ ನಾನು 50 ದಾಟುವುದಿಲ್ಲ. ಯಾರು ನಕ್ಕರೂ ಸರಿ.

ಮಗನಿಗೆ 17 ವರ್ಷ. ಪಿಯುಸಿ ಪಾಸಾದರೆ ಕೊಡಿಸ್ತೀನಿ ಅಂದಿದ್ದೀನಿ.

ಅಣ್ಣಾ, ಇನ್ನೊಂದು ವರ್ಷ ತಡೆಯಿರಿ. ಗೇರಿನ ಬೈಕಿಗೆ ಲರ್ನಿಂಗ್ ಲೈಸೆನ್ಸ್ ಸಿಗುವುದೇ 18 ತುಂಬಿದ ಮೇಲೆ. ಅದಕ್ಕೂ ಮೊದಲು ಓಡಿಸಿ ಸಿಕ್ಕಿಬಿದ್ದರೆ 25,000 ದಂಡ, ಮೂರು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ಹುಡುಗನಿಗಲ್ಲ, ನಿಮಗೆ. ಗಾಡಿಯ ನೋಂದಣಿಯೂ ಒಂದು ವರ್ಷ ರದ್ದು. ಈ ಮಧ್ಯೆ ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್ಟು, ಗ್ಲೌಸಿಗೆ ದುಡ್ಡು ಕೂಡಿಡಿ. ಬಜೆಟ್ ಹಾಕುವಾಗ ಎಲ್ಲರೂ ಮರೆಯುವುದು ಅದನ್ನೇ.

ಸೈಲೆನ್ಸರ್ ಬದಲಿಸಿದ್ರೆ ಪಿಕಪ್ ಹೆಚ್ಚುತ್ತಾ?

ಇಲ್ಲ. ಸದ್ದು ಹೆಚ್ಚುತ್ತದೆ. ಹಿಡಿದ ಸೈಲೆನ್ಸರ್‌ಗಳ ಮೇಲೆ ಪೊಲೀಸರು ರೋಡ್ ರೋಲರ್ ಹತ್ತಿಸುವ ವಿಡಿಯೋ ನೀವೂ ನೋಡಿರುತ್ತೀರಿ.

ಹೊಸ ಗಾಡಿ ಬಂತು. ಮೊದಲ ಸಾವಿರ ಕಿ.ಮೀ. ಹೇಗೆ ಓಡಿಸಬೇಕು?

ಇದು ನನ್ನ ಕಸುಬಿನ ಪ್ರಶ್ನೆ. ಸಿಲಿಂಡರಿನ ಒಳಗೋಡೆಯ ಮೇಲೆ ಬೇಕಂತಲೇ ಸಣ್ಣ ಅಡ್ಡಗೆರೆ ಹಾಕಿರುತ್ತಾರೆ, ಹೋನಿಂಗ್ ಅನ್ನುತ್ತೇವೆ. ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಪಿಸ್ಟನ್ ರಿಂಗು ಆ ಗೆರೆಗಳ ಮೇಲೆ ಉಜ್ಜಿ ಕೂರುತ್ತದೆ. ಒಂದೇ ವೇಗದಲ್ಲಿ ಓಡಿಸಿದರೆ ಸರಿಯಾಗಿ ಕೂರುವುದಿಲ್ಲ. ತೀರಾ ಕೂಗಿಸಿದರೂ ಕೆಡುಕು. ಎಷ್ಟು ಆರ್‌ಪಿಎಂ ದಾಟಬಾರದು ಅಂತ ಕೈಪಿಡಿಯಲ್ಲಿ ಬರೆದಿರುತ್ತಾರೆ, ಅದನ್ನು ಪಾಲಿಸಿ. ನಾಲ್ಕು ಲೇನ್ ಹೆದ್ದಾರಿಗಿಂತ ಖಾನಾಪುರ ರಸ್ತೆ ಒಳ್ಳೆಯದು: ಏರು, ಇಳಿಜಾರು, ಊರು, ತಿರುವು. ಗೇರು ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ.

ಮೊದಲ ಸರ್ವಿಸ್ ತಪ್ಪಿಸಬೇಡಿ. ಮೆಕ್ಯಾನಿಕ್ ಹಳೆಯ ಆಯಿಲ್ ಇಳಿಸುವಾಗ ಪಕ್ಕದಲ್ಲಿ ನಿಲ್ಲಿ. ಒಂದು ಹನಿ ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಸಣ್ಣಗೆ ಮಿನುಗುತ್ತದೆ. ಹೆದರಬೇಡಿ, ಅದು ಉಜ್ಜಿ ಬಂದ ಲೋಹದ ಪುಡಿ. ಎರಡನೇ ಸಲವೂ ಅಷ್ಟೇ ಮಿನುಗಿದರೆ ಮಾತ್ರ ಸರ್ವಿಸ್ ಮ್ಯಾನೇಜರನ್ನು ಕರೆದು ತೋರಿಸಿ.